ಪತ್ತೇದಾರ ಮತ್ತು ನಮ್ಮ ಗುಂಡಕಲ್ಲು

ನಮ್ಮ ಮೊಮ್ಮಗಳು ಸಿನಿಮಾದಾಗ ಬಂದಳ್ರಿ! ಖರೇನ ಬಂದಳು. ಇವತ್ತ ಮಗ ಅದರ ಸೀಡಿ ತಂದ, ಗೋವಾದ ಕುಡಚಡೆಯ ನಮ್ಮ ಲೇಬರ್ ಶೆಡ್ಡಿನಾಗ ಎಲ್ಲಾರೂ ಕೂಡಿ ನೋಡಿದ್ವಿ. ಕೂಸು ಸೀರಿ ಕಟ್ಟಿ ತೂಗೂ ಜೋಳಿಗ್ಯಾಗಿಂದ ಮಾರಿ ಹೊರಗ ಹಾಕಿ ನಕ್ಕದ್ದು ಕಂಡು ನಾ ಕುಣಿಯೋದೊಂದ ಬಾಕಿ ಇತ್ತು. ಆದ್ರ ಸಿನಿಮಾ ಮುಗಿಯೋದರಾಗ ನನ್ನ ಮೈಯೆಲ್ಲಾ ಉರದು ಹೋತು. ಯಾಕಂತ ಹೇಳತೇನಿ. ನಾ ಸಾಲಿ ಎರಡನೇತ್ತಕ್ಕ ಬಿಟ್ಟಾಕಿ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದ್ರಿ.

ಇದರಾಗಿನ ಹೀರೋ ಒಬ್ಬ ಪತ್ತೇದಾರ. ಅವನ ಸಿನಿಮಾ ಒಂದರ ಹಿಂದೊಂದು ನನ್ನ ಮದುವಿ ಕಾಲದಿಂದ ಬರಾಕತ್ತಾವು. ಆಗ ನಮ್ಮೂರ ಟೆಂಟಿನಾಗ ನೋಡತಿದ್ವಿ. ಅಂವ ಕರೀ ಕೋಟು ಹಾಕ್ಕೊಂಡು ಕಾರಿನಿಂದ ಇಳದ್ರ ಸಾಕು, ಜನ ಸೀಟಿ ಹೊಡೀತಿದ್ರು. ಹೋದ ವರ್ಷ ಅದ ಮನಶ್ಯಾ ನಾವು ಮನಿ ಕಟ್ಟೂ ಕೆಲಸ ಮಾಡೂ ಜಾಗಾಕ್ಕ ಬಂದ. ರಿಕ್ಷಾದಾಗ! ಕೋಟಿನ ಗುಂಡಿ ಹೊಟ್ಟಿ ಮ್ಯಾಲ ಕೂಡವಲ್ಲವು. ಗೋವಾದಾಗ ಸಿನಿಮಾ ತಗೀತೇವಂತ ಬಂದವರು, ಸಮುದ್ರದ ಕಡೆ ಹೋಗಾಕ ಗತಿ ಇಲ್ದಕ್ಕ ನಮ್ಮ ಉಸುಕಿನ ಗುಂಪಿ ಮುಂದ ಕ್ಯಾಮೆರಾ ಇಟ್ರು. ಒಬ್ಬ ನಟೀನೂ ಕರಕೊಂಡು ಬಂದಿರಲಿಲ್ಲ. ಉಸುಕು ಸೋಸಾಕತ್ತಿದ್ದ ನನ್ನ ಸೊಸೀಗೇ ತಾಯಿ ಆಗು ಅಂದ್ರು.

ಮೊದಲ ಜೋಳಿಗ್ಯಾಗ ಕೂಸಿನ್ನ ಇಟ್ಟು ತಗದ್ರು. ಆಮ್ಯಾಲ ಕೂಸಿನ್ನ ನನ್ನ ಕೈಗೆ ಕೊಟ್ಟು, "ಈಗ ಖಾಲಿ ಜೋಳಿಗೆ ತೂಗಮ್ಮ" ಅಂದ ಡೈರೆಕ್ಟರ್.

ಸೊಸಿ ಹಗ್ಗ ಕೈಬಿಟ್ಟಳು. ಆಕೀದು ಮೊದಲನೇ ಕೂಸು ಉಳೀಲಿಲ್ರಿ. ಖಾಲಿ ಜೋಳಿಗಿ ಹೆಂಗ ತೂಗ್ಯಾಳು?

"ಏ ತಮ್ಮಾ, ಖಾಲಿ ತೂಗಿದ್ರ ಅದರಾಗ ಮಲಗೂ ಕೂಸಿಗೆ ಕೇಡು. ನಿಮ್ಮವ್ವ ಹೇಳಿಲ್ಲೇನು?" ಅಂದೆ.

"ಅಜ್ಜಿ, ಇದು ಸಿನಿಮಾ. ಕಳ್ಳ ಮಗೂನ ಎತ್ಕೊಂಡು ಹೋಗಿದಾನೆ, ತಾಯಿಗೆ ಗೊತ್ತಿಲ್ಲ, ಅಷ್ಟೇ."

"ನಿನ್ನ ಕಳ್ಳ ಸುಳ್ಳು. ಈ ಕೂಸು ಖರೇ ಐತಿ."

"ಬಿಸಿಲು ಹೋಗ್ತಿದೆ ಅಜ್ಜಿ, ಇರೋದೇ ಒಂದು ರೀಲು!"

ನಮ್ಮ ಕಡೆ ತೊಟ್ಟಿಲಿಗೆ ಹಾಕೂ ದಿನ ಕೂಸಿನಕಿಂತ ಮೊದಲ ಗುಂಡಕಲ್ಲಿಗೆ ಕುಂಚಿಗಿ ತೊಡಿಸಿ ಮಲಗಸತೇವಿ. ಅದು ನೆನಪಾತು. ಶೆಡ್ಡಿಗೆ ಹೋಗಿ ಖಾರ ಅರಿಯೂ ಗುಂಡಕಲ್ಲು ತಂದು, ಅರಬಿ ಸುತ್ತಿ ಜೋಳಿಗ್ಯಾಗ ಇಟ್ಟೆ. ಸೊಸಿ ಕಣ್ಣೊರಸಿಕೊಂಡು ಹಗ್ಗ ಹಿಡದಳು. ಪತ್ತೇದಾರ ಮಾತ್ರ ರಿಕ್ಷಾದಾಗ ಕುಂತು ವಡಾ ತಿನ್ನಾಕತ್ತಿದ್ದ. ಅವಗ ಯಾರೂ ಹೇಳಲಿಲ್ಲ. ಬಂದಾವನ "ಅಮ್ಮಾ, ನಿನ್ನ ಮಗು ಎಲ್ಲಿ?" ಅಂತ ಜೋಳಿಗಿ ಜಗ್ಗಿದ. ಕಲ್ಲು ಧೊಪ್ಪಂತ ಅವನ ಕಾಲ ಮ್ಯಾಲೆ ಬಿತ್ತು!

"ಅಯ್ಯಯ್ಯೋ!" ಅಂತ ಉಸುಕಿನಾಗ ಕುಂತ.

"ಕೊನೇ ರೀಲು ಹಾಳು ಮಾಡಿದೆಯಲ್ಲೇ, ಹುಚ್ಚು ಮುದುಕಿ!" ಅಂತ ಡೈರೆಕ್ಟರ್ ಎಲ್ಲಾ ಲೇಬರ್ ಮಂದಿ ಮುಂದ ನನಗ ಬೈದ. ನಾ ಕೂಸಿನ್ನ ಬಗಲಾಗ ಎತಗೊಂಡು ಶೆಡ್ಡಿನ ಕಡೆ ನಡದೆ.

ಇವತ್ತ ನೋಡತೇನಿ, ಆ ಕಲ್ಲು ಬೀಳೂದು, ಅಂವ ಚೀರೂದು, ಎಲ್ಲಾ ಹಂಗ ಇಟ್ಟಾರ! ಆಮ್ಯಾಲ ಬ್ಯಾರೆ ರೀಲು ತಂದು ತಗದಿರಬೇಕು, ಮುಂದಿನ ಸೀನಿನಾಗ ಪತ್ತೇದಾರ ಕಾಲಿಗೆ ಪಟ್ಟಿ ಕಟಗೊಂಡು ಹೇಳತಾನ: "ತೂಕ ಕಡಿಮೆಯಾದ್ರೆ ತಾಯಿಗೆ ಗೊತ್ತಾಗುತ್ತೆ ಅಂತ ಕಳ್ಳ ಕಲ್ಲು ಇಟ್ಟಿದ್ದಾನೆ. ಎಂಥಾ ತಲೆ!"

ಎಂಥಾ ತಲಿ ಅಂತ! ಕಲ್ಲು ನಂದು, ತಲಿ ನಂದು, ಶಾಬಾಸ್‌ಕಿ ಕಳ್ಳಗ! ಕೂಸು ಚಲೋ ಇರಲಂತ ನಾ ಇಟ್ಟದ್ದನ್ನ ಕೂಸು ಕದಿಯೂ ಯುಕ್ತಿ ಮಾಡಿದ್ರಲ್ಲ, ನಾಚಿಕಿ ಬ್ಯಾಡ? ಹುಚ್ಚು ಮುದುಕಿ ಅಂದಾವ ನನ್ನ ಹುಚ್ಚಿನ ಮ್ಯಾಲ ಸಿನಿಮಾ ಮುಗಿಸ್ಯಾನ!

"ಹಂಗಾರ ಅವ್ವಾ, ಕಳ್ಳಿ ನೀನ" ಅಂತ ಮಗ ಬಿದ್ದು ಬಿದ್ದು ನಕ್ಕ. ನಮ್ಮ ಯಜಮಾನರೂ ನಕ್ರು, ನನಗ ಮತ್ತಷ್ಟು ಸಿಟ್ಟು ಬಂತು.

ಸಂಜೀಕ ಎಲ್ಲಾರೂ ಉಣ್ಣಾಕ ಕುಂತ್ವಿ. ಬಿಸಿ ರೊಟ್ಟಿ, ಎಣ್ಣಿಗಾಯಿ, ಮೊಮ್ಮಗಳ ಸಲುವಾಗಿ ಗೋದಿ ಹುಗ್ಗಿ. ಸೊಸಿ ನನ್ನ ತಾಟಿಗೆ ರೊಟ್ಟಿ ಹಾಕಿ, "ಇರಲಿ ಬಿಡ್ರಿ ಅತ್ತಿ. ನಾ ಖಾಲಿ ತೂಗಲಿಲ್ಲಲ್ಲ" ಅಂದಳು.

ಕೂಸು ಹುಗ್ಗಿ ಮೈಗೆಲ್ಲಾ ಬಳಕೊಂಡು ನನ್ನ ತೊಡಿ ಏರಿತು. ನಾ ಅದಕ್ಕೊಂದು ತುತ್ತು, ಡೈರೆಕ್ಟರಗೊಂದು ಬೈಗಳ ಹಾಕಿಕೋತ ಉಂಡೆ.