ಅಪ್ಪನ ಗಾಡಿಯ ಮೆಕ್ಯಾನಿಕ್

ಮರಳೂರಿನ ನಮ್ಮ ತಿರುವಿನಲ್ಲಿದ್ದ ಬೈಕ್ ಮೆಕ್ಯಾನಿಕ್‌ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮನೆಯಲ್ಲಿ ತುಟಿ ಬಿಚ್ಚದ ಅಪ್ಪ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ನಗುತ್ತಿದ್ದರು. ಯಾವ ಗಾಡಿ ಬಂದರೂ ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ನೋಡಣ ಬುಡಿ" ಅನ್ನುತ್ತಿದ್ದ.

ಒಮ್ಮೆ ಅಪ್ಪ ತಾವೇ ಸ್ಪಾರ್ಕ್ ಪ್ಲಗ್ ಬಿಗಿಯಲು ಹೋಗಿ, ಇಂಜಿನ್ನಿನ ಥ್ರೆಡ್ ಸ್ಲಿಪ್ ಆಗಿ ಪ್ಲಗ್ ಕೂರದಂತಾಯಿತು. "ನಿಮಗ್ಯಾಕಪ್ಪ ಈ ಕೆಲ್ಸ?" ಎಂದು ರೇಗುತ್ತಲೇ ಗಾಡಿಯನ್ನು ಅವನಲ್ಲಿಗೆ ತಳ್ಳಿದೆ; ಅಪ್ಪ ಹಿಂದೆಯೇ ನಡೆದು ಬಂದರು.

"ನೋಡಣ ಬುಡಿ" ಎಂದವನು, ಲೋಹದ ಪುಡಿ ಒಳಗೆ ಬೀಳದಂತೆ ಥ್ರೆಡ್ ಕೊರೆಯುವ ಟ್ಯಾಪಿಗೆ ಗ್ರೀಸ್ ಮೆತ್ತಿ, ಹೊಸದಾಗಿ ಕೊರೆದು, ಅದರೊಳಗೆ ಸ್ಟೀಲ್ ಬುಷ್ ಕೂರಿಸಿದ. ಆಮೇಲೆ ಪ್ಲಗ್ಗನ್ನು ಅಪ್ಪನ ಕೈಗಿಟ್ಟ.

"ನೀವೇ ಹಾಕಿ ಯಜಮಾನ್ರೆ. ಮೊದ್ಲು ಬರೀ ಕೈಲಿ ತಿರುಗ್ಸಿ, ಆಮೇಲ್ ಸ್ಪ್ಯಾನರ್."

ಅಪ್ಪ ಪ್ಲಗ್ಗನ್ನು ಬೆರಳಲ್ಲೇ ಮೆಲ್ಲಗೆ ತಿರುಗಿಸಿದರು. ಪ್ಲಗ್ ಪೂರ್ತಿ ಕೂರುವವರೆಗೂ ಅವನು ಸ್ಪ್ಯಾನರ್ ಹಿಡಿದು ಕಾದ.

ಗಾಡಿ ಸ್ಟಾರ್ಟ್ ಆಯಿತು. ನಾನು ಹ್ಯಾಂಡಲ್ ಹಿಡಿಯುವಷ್ಟರಲ್ಲಿ ಅಪ್ಪ ಅವನತ್ತ ತಿರುಗಿ, "ಬಾರ್ಲಾ ಮಗ, ಕುಣಿಗಲ್ ರೋಡಲ್ಲಿ ಒಂದ್ ರೌಂಡ್ ಹೋಗ್ಬರಣ" ಎಂದರು. ನನ್ನನ್ನು ಅವರು ಹಾಗೆ ಕರೆದ ನೆನಪಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ಹಿಂದೆ ಕೂತು ಹೊರಟೇಬಿಟ್ಟರು.

ನಾನು ಅಂಗಡಿ ಕಾಯುತ್ತ ನಿಂತೆ. ಸ್ಕೂಟರಿನವನೊಬ್ಬ ಬಂದು, "ಮೆಕ್ಯಾನಿಕ್ ಎಲ್ಲಣ್ಣ?" ಎಂದ.

"ಅವ್ರಪ್ಪನ್ ಜೊತೆ ಹೋಗವ್ನೆ" ಎಂದೆ.