ಚನ್ನಬಸವಯ್ಯನವರ ಸಹಿ

ಚನ್ನಬಸವಯ್ಯನವರು ಮೂವತ್ತೊಂದು ವರ್ಷ ಕಾಂಕ್ರೀಟ್ ಒಡೆದರು. ಬನಶಂಕರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅವರದು ಟೆಕ್ನಿಶಿಯನ್ ಕೆಲಸ. ಊರಲ್ಲಿ ಕಟ್ಟಡ ಏಳುವಾಗ ಅಲ್ಲಿ ಕಲಸಿದ ಕಾಂಕ್ರೀಟನ್ನು ಆರಿಂಚಿನ ಅಚ್ಚಿಗೆ ತುಂಬಿ, ಇಪ್ಪತ್ತೆಂಟು ದಿನ ನೀರಲ್ಲಿಟ್ಟು, ಪರೀಕ್ಷೆಗೆ ತರುತ್ತಾರೆ. ಕ್ಯೂಬ್ ಅಂತಾರೆ ಅದಕ್ಕೆ. ಯಂತ್ರದಲ್ಲಿಟ್ಟು ಅದು ಎಷ್ಟು ಭಾರಕ್ಕೆ ಒಡೆಯಿತು ಅಂತ ಬರೆದು ಇವರು ಸಹಿ ಹಾಕಬೇಕು.

ಕೆಲವು ಸೈಟಿನವರು ಕ್ಯೂಬಿಗೆ ಮಾತ್ರ ಸಿಮೆಂಟ್ ಜಾಸ್ತಿ ಹಾಕಿ, ಕಟ್ಟಡಕ್ಕೆ ಬೇರೆಯದೇ ಕಲಸುತ್ತಿದ್ದರು. ಕೈಗೆತ್ತಿಕೊಂಡರೇ ಇವರಿಗೆ ಅನುಮಾನ ಬರುತ್ತಿತ್ತು. ಮೊದಮೊದಲು ಮೇಲಿನವರಿಗೆ ಹೇಳಿದ್ದೂ ಉಂಟು. "ತಂದಿದ್ದನ್ನ ಒಡೆದು ಬರೀರಿ. ಸೈಟಿಗೆ ಹೋಗಿ ನೋಡೋದು ನಮ್ಮ ಕೆಲಸ ಅಲ್ಲ" ಅಂದರು. ಎರಡು ಮೂರು ಸಲ ಹಾಗನ್ನಿಸಿಕೊಂಡ ಮೇಲೆ ಹೇಳುವುದನ್ನು ಬಿಟ್ಟರು.

ನಿವೃತ್ತರಾದ ವರ್ಷ ಕೋಣನಕುಂಟೆಯಲ್ಲಿ ನಲವತ್ತು ಮನೆಗಳ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಫ್ಲ್ಯಾಟ್ ಕೊಂಡರು. ಹೆಂಡತಿ ಕಮಲಾದೇವಿ ತಿಲಕ್ ನಗರದ ಬಾಡಿಗೆ ಮನೆಯಲ್ಲಿ ಇಪ್ಪತ್ತಾರು ವರ್ಷ ಬೆಳಗಿನ ಐದಕ್ಕೆದ್ದು ನೀರು ಹಿಡಿದವರು. ಹೊಸ ಮನೆಗೆ ಬಂದ ಮೊದಲ ವಾರ ನಲ್ಲಿ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡುತ್ತಿದ್ದರು. "ರೀ, ಇನ್ನು ಸಾಯೋ ತನಕ ಇಲ್ಲೇ" ಅಂದರು.

ಮೂರನೇ ವರ್ಷ ಹಾಲಿನ ತೊಲೆಯ ಮೇಲೆ ಒಂದು ಬಿರುಕು ಕಾಣಿಸಿತು. ಅದರ ಗುಂಟ ತುಕ್ಕಿನ ನೀರು ಜಿನುಗಿತ್ತು. ಚನ್ನಬಸವಯ್ಯನವರು ಕೆಳಗಿಳಿದು ಪಾರ್ಕಿಂಗಿನ ಕಂಬಗಳನ್ನು ಒಂದೊಂದಾಗಿ ಬೀಗದ ಕೈಯಿಂದ ಬಡಿದು ಕೇಳಿದರು. ಒಂಬತ್ತು ಕಂಬ ಟೊಳ್ಳು ಸದ್ದು ಮಾಡಿದವು. ಅವತ್ತೇ ಬಿಲ್ಡರಿಗೆ ಫೋನ್ ಮಾಡಿದರು.

ಬಿಲ್ಡರ್ ಕಡೆಯ ಸೂಪರ್‌ವೈಸರ್ ಬಂದು, "ಇದು ಹೇರ್‌ಕ್ರ್ಯಾಕ್ ಸಾರ್, ಎಲ್ಲಾ ಬಿಲ್ಡಿಂಗಲ್ಲೂ ಬರುತ್ತೆ" ಅಂದು, ಪುಟ್ಟಿ ಮೆತ್ತಿಸಿ ಬಣ್ಣ ಬಳಿಸಿ ಹೋದ. ಮುಂದಿನ ಮಳೆಗೆ ಬಿರುಕು ಬಣ್ಣವನ್ನೂ ಸೀಳಿಕೊಂಡು ಬಂತು. ಇವರು ಅದರ ಫೋಟೋ ತೆಗೆದು ನಿವಾಸಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಐದು ನಿಮಿಷಕ್ಕೆ ಅಸೋಸಿಯೇಷನ್ನಿನ ಕಾರ್ಯದರ್ಶಿ ಭಾರ್ಗವ ಬಾಗಿಲು ತಟ್ಟಿದ.

"ಅಂಕಲ್, ಫೋಟೋ ಡಿಲೀಟ್ ಮಾಡಿ ಪ್ಲೀಸ್. ಸುದ್ದಿ ಹೊರಗೆ ಹೋದ್ರೆ ನಮ್ಮ ಫ್ಲ್ಯಾಟ್ ಯಾರು ತಗೋತಾರೆ?"

"ತಗೋಬಾರದಪ್ಪ. ಅದಕ್ಕೇ ಹಾಕಿದ್ದು."

ಭಾರ್ಗವ ಅವತ್ತಿನಿಂದ ಲಿಫ್ಟಿನಲ್ಲಿ ಸಿಕ್ಕರೂ ಮಾತಾಡಲಿಲ್ಲ.

ಆಮೇಲೆ ಮಾರಮ್ಮನ ಮೇಲೆ ಬಿತ್ತು. ಕಾಂಪೌಂಡು ಗುಡಿಸುತ್ತಿದ್ದ ಹೆಂಗಸು. ಬೆಳಿಗ್ಗೆ ಎಂಟರ ಹೊತ್ತಿಗೆ ಎರಡನೇ ಮಹಡಿಯ ಬಾಲ್ಕನಿಯ ಅಡಿಯಿಂದ ಒಂದು ಹೆಂಟೆ ಕಾಂಕ್ರೀಟ್ ಕಳಚಿ ಅವಳ ಬಲಭುಜಕ್ಕೆ ಬಡಿಯಿತು. ಅವಳು ಕೂಗಲೂ ಇಲ್ಲ, ಪೊರಕೆ ಹಿಡಿದುಕೊಂಡೇ ಕೂತುಬಿಟ್ಟಳು. ಸೂಪರ್‌ವೈಸರ್ ಓಡಿಬಂದು ಅವಳನ್ನು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಎರಡು ದಿನಕ್ಕೆ ಕೆಲಸಕ್ಕೆ ಬೇರೆಯವಳು ಬಂದಳು.

ಚನ್ನಬಸವಯ್ಯನವರು ಬಿದ್ದ ಹೆಂಟೆಯನ್ನು ಎತ್ತಿ ಬೆರಳಿಂದ ಒತ್ತಿದರು. ಪುಡಿಯಾಯಿತು.

ಮನೆ ಕೊಂಡವರಿಗಾಗಿ ಇರುವ ರೇರಾ ಕಾಯ್ದೆಯಲ್ಲಿ ಒಂದು ಮಾತಿದೆ. ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ, ಹೇಳಿದ ಮೂವತ್ತು ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ಆಗಲೇ ನಾಲ್ಕು ವರ್ಷ ಕಳೆದಿತ್ತು. ಇವರು ಮನೆಮನೆ ತಿರುಗಿದರು. ನಲವತ್ತರಲ್ಲಿ ಏಳು ಮನೆಯವರು ಸಹಿ ಹಾಕಿದರು. ಜಯನಗರದ ವಕೀಲೆ ಶುಭಾ ರೇರಾ ಪ್ರಾಧಿಕಾರದಲ್ಲಿ ದೂರು ದಾಖಲಿಸಿದರು.

ಮೂರನೆಯ ವಿಚಾರಣೆಯಲ್ಲಿ ಬಿಲ್ಡರನ ವಕೀಲರು ಒಂದು ಹಾಳೆ ಮುಂದಿಟ್ಟರು. ಕಟ್ಟುವಾಗ ಮಾಡಿಸಿದ ಕ್ಯೂಬ್ ಪರೀಕ್ಷೆಯ ವರದಿ. ಎಲ್ಲ ಕ್ಯೂಬೂ ಪಾಸು. ಹಾಳೆಯ ಕೆಳಗಿನ ಸಹಿ ಚನ್ನಬಸವಯ್ಯನವರದು.

ಲ್ಯಾಬಿಗೆ ಬರುವ ಚೀಟಿಯಲ್ಲಿ ಬರೀ ಸರ್ವೆ ನಂಬರ್ ಇರುತ್ತದೆ. ದಿನಕ್ಕೆ ಅರವತ್ತು, ಎಪ್ಪತ್ತು ಕ್ಯೂಬ್. ಯಾವುದು ಯಾವ ಕಟ್ಟಡದ್ದೋ ಅವರು ನೋಡಿದವರೇ ಅಲ್ಲ.

"ಈ ಸಹಿ ನಿಮ್ದೇನಾ?" ವಕೀಲರು ಕೇಳಿದರು.

"ನಂದೇ."

"ವರದಿ ಸುಳ್ಳಾ?"

"ಸುಳ್ಳಲ್ಲ. ಆ ಕ್ಯೂಬ್ ಗಟ್ಟಿಯಾಗೇ ಇತ್ತು. ಕಟ್ಟಡಕ್ಕೆ ಹಾಕಿದ ಮಾಲು ಅದಲ್ಲ."

"ಹೀಗೂ ಮಾಡ್ತಾರೆ ಅಂತ ನಿಮಗೆ ಆಗ ಗೊತ್ತಿತ್ತಾ?"

ಶುಭಾ ಏನೋ ಹೇಳಲು ಎದ್ದರು. ಅಷ್ಟರಲ್ಲಿ ಇವರು ಹೇಳಿಬಿಟ್ಟಿದ್ದರು. "ಗೊತ್ತಿತ್ತು ಸಾರ್."

ಸಂಜೆಯೊಳಗೆ ಆ ಮಾತು ಗ್ರೂಪಿನಲ್ಲಿ ಓಡಾಡಿತು. ಜೊತೆಗೆ ಸಹಿ ಹಾಕಿದ್ದ ಏಳು ಮನೆಯವರೇ ಮುಖ ತಿರುಗಿಸಿದರು. ಭಾರ್ಗವ ಗೇಟಿನ ಹತ್ತಿರ ಅಡ್ಡ ನಿಂತು, "ನೀವೇ ಪಾಸ್ ಮಾಡಿ ನೀವೇ ಕೇಸ್ ಹಾಕಿದ್ರಾ ಅಂಕಲ್? ಸಖತ್ತಾಗಿದೆ" ಅಂದ. ಇವರು ತಲೆ ತಗ್ಗಿಸಿ ದಾಟಿ ಹೋದರು.

ಮನೆಯಲ್ಲಿ ಕಮಲಾದೇವಿ ಸೊಪ್ಪು ಬಿಡಿಸುತ್ತಿದ್ದರು. ಗ್ರೂಪಿನ ಮಾತು ಕಿವಿಗೆ ಬಿದ್ದು ಮಗಳು ಶಿಲ್ಪಶ್ರೀ ಫೋನಿನಲ್ಲಿ ಎಲ್ಲ ಹೇಳಿದ್ದಳು.

"ನಂಗ್ಯಾಕೆ ಒಂದು ದಿನಾನೂ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಕಮಲಾ? ಎಲ್ಲರೂ ಸಹಿ ಹಾಕ್ತಿದ್ರು, ನಾನೂ ಹಾಕ್ದೆ."

"ಮನೆ ನೋಡೋಕೆ ಬಂದಾಗಲಾದ್ರೂ ಒಂದು ಕಂಬ ಬಡಿದು ನೋಡ್ಬೋದಿತ್ತಲ್ರೀ."

ಅವತ್ತು ಗ್ರಾನೈಟ್ ನೆಲ ನೋಡಿ, ನಲ್ಲಿ ನೋಡಿ, ಹೆಂಡತಿಯ ಮುಖ ನೋಡಿ ಅವರು ಒಪ್ಪಿದ್ದರು. ನಾಲ್ಕು ದಿನ ಕಮಲಾದೇವಿ ತಟ್ಟೆ ಇಟ್ಟರು, ಲೋಟ ಇಟ್ಟರು, ಮಾತಾಡಲಿಲ್ಲ.

ಕೇಸು ಮಾತ್ರ ಸಾಯಲಿಲ್ಲ. ಶುಭಾ ಹಟಹಿಡಿದು ಕಂಬಗಳನ್ನೇ ಕೊರೆದು ಪರೀಕ್ಷೆ ಮಾಡಿಸಿದರು. ಇರಬೇಕಾದ ಬಲದ ಅರ್ಧವೂ ಇರಲಿಲ್ಲ. ಎರಡು ವರ್ಷ ಹಿಡಿಯಿತು, ಆದರೆ ಆದೇಶ ಇವರ ಕಡೆ ಬಂತು. ಬಿಲ್ಡರ್ ಪೂರ್ತಿ ದುರಸ್ತಿ ಮಾಡಿಕೊಡಬೇಕು.

ಆದೇಶದ ಪ್ರತಿ ಹಿಡಿದು ಜೆ.ಪಿ. ನಗರದ ಕಂಪನಿ ಆಫೀಸಿಗೆ ಹೋದರೆ ಅಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ ಇತ್ತು. ಕಂಪನಿ ದಿವಾಳಿ ಅಂತ ಅರ್ಜಿ ಹಾಕಿ ಆರು ತಿಂಗಳಾಗಿತ್ತಂತೆ. ಪಾಲುದಾರರು ಬೇರೆ ಹೆಸರಿನಲ್ಲಿ ಬೇರೆ ಕಡೆ ಕಟ್ಟುತ್ತಿದ್ದರು. "ಆದೇಶ ಈ ಕಂಪನಿ ಮೇಲಿದೆ ಸಾರ್. ಆ ಕಂಪನಿ ಮೇಲಲ್ಲ" ಅಂದರು ಶುಭಾ. ಮೇಲಿನ ಕೋರ್ಟಿಗೆ ಹೋಗೋಣ ಅಂದರು. ಹೇಳುವಾಗ ಅವರ ದನಿಯಲ್ಲೇ ನಂಬಿಕೆ ಇರಲಿಲ್ಲ.

ಕೊರೆದ ಕಂಬಗಳಿಗೆ ಆಸರೆಯಾಗಿ ಪಾರ್ಕಿಂಗಿನಲ್ಲಿ ಕಬ್ಬಿಣದ ಜಾಕಿಗಳು ನಿಂತವು. ಬೇರೆ ಕಡೆ ಹೋಗಬಲ್ಲವರೆಲ್ಲ ಹೋದರು. ಉಳಿದದ್ದು ಹನ್ನೊಂದು ಮನೆ. ಕಮಲಾದೇವಿ ಬಾಲ್ಕನಿಯ ಬಾಗಿಲಿಗೆ ಅಡ್ಡವಾಗಿ ಬೀರು ಇಡಿಸಿ, ಬಟ್ಟೆಯನ್ನು ಒಳಗೇ ಒಣಹಾಕುತ್ತಿದ್ದರು.

ಒಂದು ಮಧ್ಯಾಹ್ನ ಚನ್ನಬಸವಯ್ಯನವರು ಸುದ್ದಗುಂಟೆಪಾಳ್ಯದಲ್ಲಿ ಮಾರಮ್ಮನ ಮನೆ ಹುಡುಕಿಕೊಂಡು ಹೋದರು. ಶೀಟಿನ ಒಂದೇ ಕೋಣೆ. ಅವಳ ಬಲಗೈ ಭುಜದ ಮಟ್ಟಕ್ಕೆ ಏಳುತ್ತಿರಲಿಲ್ಲ.

"ಕೇಸು ಗೆದ್ರಂತೆ ಸಾರ್?"

"ಗೆದ್ವಿ ಕಣಮ್ಮ. ಏನೂ ಸಿಗಲಿಲ್ಲ. ನಿನ್ನ ಹೆಸರು ಸೇರಿಸಬೋದಾ ಅಂತ ವಕೀಲರನ್ನ ಕೇಳ್ದೆ. ಮನೆ ಕೊಂಡವರಿಗೆ ಮಾತ್ರ ಆ ಕಾನೂನು ಅಂದ್ರು. ನಿಂದು ಬೇರೆ ಕೇಸಂತೆ."

"ನಂದೆಲ್ಲಿ ಕೇಸು ಸಾರ್? ಆಸ್ಪತ್ರೇಲೇ ಆ ಸೂಪರ್‌ವೈಸರ್ ಹೆಬ್ಬೆಟ್ಟು ಒತ್ತಿಸ್ಕೊಂಡ. ಕಾಲು ಜಾರಿ ಬಿದ್ದೆ ಅಂತ ಬರೆದಿದ್ನಂತೆ. ಓದಕ್ಕೆ ಬರಲ್ವಲ್ಲ, ಒತ್ತಿಬಿಟ್ಟೆ."

ಓದಲು ಬರುತ್ತಿದ್ದ ಚನ್ನಬಸವಯ್ಯನವರು ತಮ್ಮ ಹೆಬ್ಬೆರಳು ನೋಡಿಕೊಂಡರು. ಮಾರಮ್ಮ ಎಡಗೈಯಲ್ಲಿ ಸ್ಟವ್ ಹಚ್ಚಲು ಮೂರು ಕಡ್ಡಿ ಗೀರಿದಳು. ನಾಲ್ಕನೆಯದನ್ನು ಅವರು ಎದ್ದು ಗೀರಿಕೊಟ್ಟರು. ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬಸ್ಸಿಗೆ ಹೊರಟರು.