ದುಡ್ಡು ಕೊಟ್ಟು ಕೇಳಿದ ಹಾಡು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಯಲ್ಲಿ ಡೊಂಕು ಅನ್ನಿಸಿಕೊಂಡದ್ದು ರೇಡಿಯೊ. ಸಿಂದಗಿಯ ಮನೆಯಲ್ಲಿ ಇರುವವರು ನಾವಿಬ್ಬರೇ, ನಾನು ಮತ್ತು ನನ್ನ ಅಣ್ಣ. ಅವನು ಮದುವೆಯಾಗಲಿಲ್ಲ, ನಾನು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಅಣ್ಣನಿಗೆ ಹಿಂದೂಸ್ತಾನಿ ಸಂಗೀತವೆಂದರೆ ಪ್ರಾಣ. ಹಾಡುವವನಲ್ಲ, ಬಾರಿಸುವವನಲ್ಲ, ಬರೀ ಕೇಳುವವನು. ಒಂದು ದಿನ "ಈ ರೇಡಿಯೊದಾಗ ದನಿ ಸತ್ತೈತಿ" ಅಂದ. ಹೊಸದು ತಂದೆ. ಅದರಲ್ಲೂ ಸತ್ತಿದೆ ಅಂದ. ಆಮೇಲೆ ಮೊಬೈಲಿಗೆ ಜೋಡಿಸುವ ಸ್ಪೀಕರು ಬಂತು. ಅದರ ಹಣೆಬರಹವೂ ಅಷ್ಟೆ.

ಕೊನೆಗೆ ವಿಜಯಪುರದ ಡಾಕ್ಟರು, ಕಿವಿಯ ನರವೇ ಸೋತಿದೆ ಎಂದರು. ಅವರು ಕೊಟ್ಟ ಮಷಿನು ಹಾಕಿಕೊಂಡರೆ "ಕಿವ್ಯಾಗ ಸಂತಿ ನೆರದಂಗ ಆಗ್ತೈತಿ" ಎಂದು ಅಣ್ಣ ಅದನ್ನು ಕಪಾಟಿಗೆ ಸೇರಿಸಿದ. ನಾನು ಹಟಮಾರಿ. ಡಾಕ್ಟರಿಗೇನು ಗೊತ್ತು ಅಂದುಕೊಂಡೆ.

ಅಷ್ಟರಲ್ಲಿ ಮುದ್ದೇಬಿಹಾಳದ ಸುದ್ದಿ ಬಂತು. ಅಲ್ಲೊಬ್ಬ ಕಾಳುಕಡಿಯ ಅಡತಿ ವ್ಯಾಪಾರಿ ಮನೆಯ ಮಹಡಿಯ ಮೇಲೆ ಭಾರಿ ಬೆಲೆಯ ಸ್ಪೀಕರುಗಳನ್ನಿಟ್ಟು, ತಾಸಿಗೆ ಇಷ್ಟೆಂದು ರೊಕ್ಕ ತೆಗೆದುಕೊಂಡು ಹಾಡು ಕೇಳಿಸುತ್ತಾನಂತೆ. ಓಣಿಯವರೆಲ್ಲ ನಕ್ಕರು. "ಬಸ್ಸಿನ್ಯಾಗ ಪುಕ್ಕಟೆ ಕೇಳಸ್ತಾರ, ಬ್ಯಾಡಂದ್ರೂ ಬಿಡೂದಿಲ್ಲ" ಅಂದಳು ಪಕ್ಕದ ಮನೆಯವಳು. ಆದರೆ ಆ ಕೋಣೆಯಲ್ಲಿ ಗವಾಯಿ ಉಸಿರೆಳೆದುಕೊಳ್ಳುವುದು ಕೂಡ ಕೇಳುತ್ತದೆ ಎಂದು ಯಾರೋ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಉಸಿರೇ ಕೇಳುವಲ್ಲಿ ನಮ್ಮ ಅಣ್ಣನಿಗೆ ಹಾಡು ಕೇಳದೆ ಇದ್ದೀತೇ?

ಫೋನು ಮಾಡಿ ಒಂದು ತಾಸು ಹಿಡಿದಿಟ್ಟೆ. ತಾಳಿಕೋಟಿಯಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ನಾನು ಮಾತಾಡಿದೆ, ಅಣ್ಣ ಹೂಂಗುಟ್ಟಿದ. ನನ್ನ ಬಾಯಿಗೆ ಬೀಗವಿಲ್ಲವೆಂಬುದು ಬಂಧುಬಳಗಕ್ಕೆಲ್ಲ ಗೊತ್ತು.

ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ್ದರು. ಆಳೆತ್ತರದ ಎರಡು ಸ್ಪೀಕರು, ಅವುಗಳೆದುರು ನಟ್ಟನಡುವೆ ಒಂದು ಕುರ್ಚಿ. ದನಿ ಸರಿಯಾಗಿ ಬಂದು ಕೂಡುವುದು ಅಲ್ಲೇ ಅಂತೆ. ಅಣ್ಣನನ್ನು ಅದರಲ್ಲಿ ಕೂರಿಸಿ ನಾನು ಗೋಡೆಯ ಬದಿಗೆ ಕುಳಿತೆ. "ಯಾವುದು ಹಚ್ಚಲ್ರಿ?" ಎಂದು ವ್ಯಾಪಾರಿ ಹಳೆಯ ರೆಕಾರ್ಡುಗಳನ್ನು ಅಣ್ಣನ ಮುಂದೆ ಹರವಿದ. ಅಣ್ಣ ಒಂದನ್ನು ಎತ್ತಿಕೊಟ್ಟ. ಭೀಮಪಲಾಸ ರಾಗದ್ದು, ಅವನು ಸಣ್ಣವನಿದ್ದಾಗಿನಿಂದ ಕೇಳುತ್ತಾ ಬಂದ ರೆಕಾರ್ಡು. ಅದರ ಮೇಲೆ ಮುಳ್ಳು ಇಳಿಯುವುದನ್ನು ನೋಡಿ ಕಣ್ಣು ಮುಚ್ಚಿದ.

ನನಗೆ ಸಂಗೀತ ಅಷ್ಟಕ್ಕಷ್ಟೆ. ಆದರೂ ಮೈ ಜುಮ್ಮೆಂದಿತು. ಗವಾಯಿ ನಮ್ಮೆದುರೇ ಜಮಖಾನೆ ಹಾಸಿಕೊಂಡು ಕುಳಿತಂತಿತ್ತು. ತಬಲಾ ಶುರುವಾದಾಗ ಅಣ್ಣನ ಬಲಗೈ ಮೊಣಕಾಲ ಮೇಲೆ ತಾಳ ಹಾಕತೊಡಗಿತು, ತಲೆ ತೂಗಿತು. ಕೇಳುತ್ತಿದೆ, ಅವನಿಗೆ ಕೇಳುತ್ತಿದೆ ಅಂದುಕೊಂಡೆ. ಕಣ್ತುಂಬಿ ಬಂತು. ಡಾಕ್ಟರನ್ನು ಮನಸ್ಸಿನಲ್ಲೇ ಬೈದೆ.

ಆಗ ಕರೆಂಟು ಹೋಯಿತು. ಇನ್ವರ್ಟರಿನ ಮೇಲೆ ದೀಪಗಳು ಉರಿಯುತ್ತಲೇ ಇದ್ದವು. ಆದರೆ ದನಿ ಕೆಡುತ್ತದೆಂದು ವ್ಯಾಪಾರಿ ಹಾಡಿನ ಯಂತ್ರಗಳಿಗೆ ಇನ್ವರ್ಟರು ಕೊಟ್ಟಿರಲಿಲ್ಲ. ಹಾಡು ಗಪ್ಪನೆ ನಿಂತಿತು. ಅಣ್ಣನ ಕೈ ನಿಲ್ಲಲಿಲ್ಲ.

ವ್ಯಾಪಾರಿ ನನ್ನ ಮುಖ ನೋಡಿದ. ಅಣ್ಣನ ಬೆರಳು ಧೋತರದ ಮೇಲೆ ಬಡಿಯುವುದಷ್ಟೇ ಕೇಳುತ್ತಿತ್ತು. "ಹೇಳಲೇನ್ರಿ?" ಎಂದು ಅವನು ಪಿಸುಗುಟ್ಟಿದ. "ಬ್ಯಾಡ್ರಿ" ಅಂದೆ. ಅಣ್ಣನ ತಾಳ ಮಾತ್ರ ಎಲ್ಲೂ ತಪ್ಪಲಿಲ್ಲ. ತನ್ನ ಪಾಡಿಗೆ ತಾನು ಹಾಡು ಮುಗಿಸಿ, ಕೈಮುಗಿದು ಕಣ್ಣು ತೆರೆದ.

"ಭಾಳ ಛೊಲೊ ಐತ್ರಿ ನಿಮ್ಮ ಮಷಿನು" ಎಂದು ವ್ಯಾಪಾರಿಗೆ ಹೇಳಿದ. ವ್ಯಾಪಾರಿ ರೊಕ್ಕ ಬೇಡವೆಂದ. ಅವನ ಕನಿಕರ ಕಂಡು ನನಗೆ ಸಿಟ್ಟು ಬಂತು, ಕೊಟ್ಟೇ ಬಂದೆ.

ಬಸ್ಸಿನಲ್ಲಿ ಕುಳಿತ ಮೇಲೆ ಅಣ್ಣ ಕೇಳಿದ. "ಹಾಡ ನಡುವ ನಿಂತಿತ್ತು, ಹೌದಿಲ್ಲ? ಕಣ್ಣ ತಗದಾಗ ನಿಮ್ಮಿಬ್ಬರ ಮಾರಿ ನೋಡಿ ತಿಳೀತು."

ಇಲ್ಲ ಅನ್ನಬೇಕೆಂದಿದ್ದೆ. ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ, ಹೌದೆಂದು ತಲೆಯಾಡಿಸಿದೆ.

"ಅಳಬ್ಯಾಡವಾ. ಹಾಡು ಎಲ್ಲಾ ನನ್ನ ತಲ್ಯಾಗ ಅದಾವ, ಬೇಕಾದಾಗ ಕೇಳ್ತೇನಿ. ನೀ ದಿನಾ ಹೊಸಾ ಮಾತ ಆಡ್ತಿ. ಅದನ್ನ ಎಲ್ಲಿಂದ ತರ್ಲಿ?"

ನಾನು ಹಾಡಿನ ಚಿಂತೆಯಲ್ಲೇ ಇದ್ದೆ, ನನ್ನ ಮಾತೂ ಅವನಿಗೆ ಕೇಳುತ್ತಿಲ್ಲವೆಂದು ಆಗಲೇ ಹೊಳೆದದ್ದು. ಇಷ್ಟು ದಿನ ಅವನು ಹೂಂಗುಟ್ಟಿದ್ದು ನನ್ನ ತುಟಿ ಅಲ್ಲಾಡಿದ್ದನ್ನು ನೋಡಿ. ಕಿಟಕಿಯ ಕಡೆ ಮುಖ ತಿರುಗಿಸಿ ಸುಮ್ಮನೆ ಕುಳಿತೆ. ಇನ್ನು ಯಾರಿಗೆ ಏನು ಹೇಳಲಿ ಅನ್ನಿಸಿತು.

ಊರು ದಾಟಿದ ಮೇಲೆ ಅಣ್ಣ ನನ್ನ ಮೊಣಕೈ ತಟ್ಟಿದ.

"ಈ ಕಡೆ ತಿರುಗಿ ಮಾತಾಡು. ನೀ ಸುಮ್ಮ ಕುಂತ್ರ ನಾ ಖರೇನ ಕಿವುಡ ಆಗ್ತೇನಿ" ಅಂದ.